ಬೀದಿ ಕಡೆಗೆ ಹಚ್ಚಿದ ಬಣ್ಣ

ಸುಣ್ಣದಕ್ಕನಿಗೆ ಆ ಹೆಸರು ಬಂದದ್ದು ಅವಳ ಉಗುರುಗಳಿಂದ. ಎಷ್ಟು ತಿಕ್ಕಿದರೂ ಬಿಡದ ಬಿಳಿ ಗೆರೆಯೊಂದು ಉಗುರುಗಳ ಬುಡದಲ್ಲಿ ಸದಾ ಕೂತಿರುತ್ತಿತ್ತು. ಒಮ್ಮೆ ಯಾರದೋ ಮದುವೆಗೆ ಹೊರಟಾಗ ಅವಳ ನಾದಿನಿ ನಿಂಬೆಹೋಳು ಹಿಡಿದು ಉಜ್ಜಿ ಉಜ್ಜಿ ಸೋತು, "ಬಿಡು ಅತ್ತಿಗೆ, ನಿನ್ನ ಕೈ ಕುಯ್ದರೆ ರಕ್ತ ಬರಲ್ಲ, ಸುಣ್ಣದ ನೀರು ಬರುತ್ತೆ" ಅಂದಳಂತೆ. ಅದನ್ನು ಸುಣ್ಣದಕ್ಕನೇ ಎಲ್ಲರ ಹತ್ತಿರ ಹೇಳಿಕೊಂಡು ನಕ್ಕಳು. ಹೆಸರು ಅಂಟಿಕೊಂಡಿತು. ಗಂಡ ಬದುಕಿದ್ದಾಗ ಅವನೂ "ಏ ಸುಣ್ಣ" ಎಂದೇ ಕೂಗುತ್ತಿದ್ದ.

ಅವಳ ಕೆಲಸ ಸುಣ್ಣ ಬಳಿಯುವುದಲ್ಲ, ಮನೆ ಹುಡುಕಿಕೊಡುವುದು. ದೊಡ್ಡ ರಸ್ತೆಯ ಲಾಂಡ್ರಿಯ ಮೇಲೆ ಎರಡು ಕೋಣೆಯ ಒಂದು ಸಂಸ್ಥೆಯಿದೆ. ಕೆಲಸದಿಂದ ನಿವೃತ್ತರಾದ ಟೀಚರೊಬ್ಬರು ಕಟ್ಟಿದ್ದು. ಅವರನ್ನು ಎಲ್ಲರೂ ಟೀಚರಮ್ಮ ಎನ್ನುತ್ತಾರೆ. ಬೆವರು ಸುರಿಸಿ ದುಡಿದರೂ ದುಡಿದದ್ದೆಲ್ಲ ಬಾಡಿಗೆಗೇ ಹೋಗಿ ಹೊಟ್ಟೆಗೆ ಉಳಿಯದವರು ಬೆಳಗಾದರೆ ಆ ಮೆಟ್ಟಿಲು ಹತ್ತಿ ಅಲ್ಲಿನ ಬೆಂಚಿನ ಮೇಲೆ ಕೂರುತ್ತಾರೆ. ಅಂಥವರ ಕೈಗೆಟುಕುವ ಒಂದು ಸೂರನ್ನು ಹುಡುಕಿಕೊಡುವುದು ಸಂಸ್ಥೆಯ ಕೆಲಸ. ಅದರಲ್ಲಿ ಲಾಭದ ಮಾತಿಲ್ಲ. ಅಲ್ಲಿ ಸಂಬಳಕ್ಕಿದ್ದವಳು ಸುಣ್ಣದಕ್ಕ ಒಬ್ಬಳೇ, ಆ ಸಂಬಳವೂ ಬಂದರೆ ಬಂತು.

ಅವಳು ಹುಡುಕುವ ರೀತಿ ಹೀಗೆ. ಎಲ್ಲಾ ಕಡೆಯೂ ಬೀಗ ಜಡಿದು ಮರೆತುಬಿಟ್ಟ ಮನೆಗಳು ಇದ್ದೇ ಇರುತ್ತವೆ. ಚಾವಣಿ ಕುಸಿದದ್ದು, ಗೋಡೆ ಉಬ್ಬಿದ್ದು, ಕಿಟಕಿಯ ಗಾಜು ಒಡೆದು ಪಾರಿವಾಳ ಸಂಸಾರ ಹೂಡಿದ್ದು. ಬೀದಿ ಬೀದಿ ಅಲೆದು ಅಂಥವನ್ನು ಗುರುತು ಮಾಡಿಕೊಳ್ಳುತ್ತಾಳೆ. ಆಮೇಲೆ ಯಜಮಾನ ಯಾರೆಂದು ಪತ್ತೆ ಹಚ್ಚಿ ಅವನ ಬೆನ್ನು ಹತ್ತುತ್ತಾಳೆ. "ನೀವೇನೂ ಮಾಡ್ಬೇಡಿ. ರಿಪೇರಿ ನಮ್ಮದು. ಕಮ್ಮಿ ಬಾಡಿಗೆಗೆ ಐದು ವರ್ಷ ಕೊಡಿ, ಸಾಕು." ಸಾಮಾನು ಸಂಸ್ಥೆಯದು, ಮೈ ಬಗ್ಗಿಸಿ ಕೆಲಸ ಮಾಡುವುದು ಆ ಮನೆಗೆ ಬರಲಿರುವ ಸಂಸಾರದ್ದು, ಜೊತೆಗೆ ಸುಣ್ಣದಕ್ಕನದೂ. ಎಲ್ಲ ಸರಿಹೋದ ಮೇಲೆ ಯಜಮಾನ ಕರಾರಿಗೆ ರುಜು ಹಾಕುತ್ತಾನೆ, ಸಂಸಾರ ಒಳಗೆ ಹೋಗುತ್ತದೆ. ಮೊದಲೇ ರುಜು ಕೇಳಿದರೆ ಒಬ್ಬನೂ ಒಪ್ಪುವುದಿಲ್ಲ. "ಹಾಳು ಮನೆಗೆ ಎಂಥಾ ಕರಾರಮ್ಮ, ಮೊದ್ಲು ಅದನ್ನ ಮನೆ ಅನ್ನೋ ಹಂಗೆ ಮಾಡು" ಎಂದು ನಗುತ್ತಾರೆ.

ಮನೆ ಸರಿಹೋಗುವುದಕ್ಕೂ ರುಜು ಬೀಳುವುದಕ್ಕೂ ನಡುವೆ ಇರುವ ಆ ಸಂದಿಯೇ ಅಪಾಯದ್ದು. ಅದಕ್ಕೆ ಸುಣ್ಣದಕ್ಕನದೊಂದು ಕಟ್ಟಪ್ಪಣೆ ಇತ್ತು: ರುಜು ಬೀಳುವ ತನಕ ಬೀದಿ ಕಡೆಗೆ ಕೈ ಹಚ್ಚಬಾರದು. ಒಳಗೆ ಗಾರೆ ಹಾಕು, ಸುಣ್ಣ ಬಳಿ, ಕನ್ನಡಿಯ ಹಾಗೆ ನೆಲ ಉಜ್ಜು, ಯಾರೂ ಕೇಳುವುದಿಲ್ಲ. ಆದರೆ ಹೊರಗಿನ ಪಾಚಿ ಪಾಚಿಯಾಗಿಯೇ ಇರಬೇಕು, ಹರಿದ ಪೋಸ್ಟರು ಹರಿದಂತೆಯೇ ತೂಗುತ್ತಿರಬೇಕು. ಬರಲಿರುವ ಹೆಂಗಸರಿಗೆ ಇದು ಸಹಿಸಲಾಗದ ಸಂಗತಿ. "ಅಕ್ಕಾ, ಆ ಪಾಚಿ ಒಂದನ್ನ ಕೆರೀತೀನಿ, ನೋಡಕ್ಕಾಗಲ್ಲ" ಎಂದು ಗೋಗರೆಯುತ್ತಿದ್ದರು. "ಕೆರೆದ್ರೆ ನಿನ್ನ ಕೈ ಮುರೀತೀನಿ" ಎನ್ನುತ್ತಿದ್ದಳು.

ಅಪ್ಪಣೆ ಅವಳ ಅಪ್ಪನಿಂದ ಬಂದದ್ದು. ಅಪ್ಪ ಗೋಡೆಗಳಿಗೆ ಬಣ್ಣ ಬಳಿಯುವವನು. ಅವಳು ಚಿಕ್ಕವಳಿದ್ದಾಗ ಒಂದು ಮುರುಕಲು ಮನೆಯಲ್ಲಿ ಬಾಡಿಗೆಗಿದ್ದರು. ಕೆಲಸವಿಲ್ಲದೆ ಕೂತಿದ್ದ ಕಾಲದಲ್ಲಿ ಅಪ್ಪ ಉಳಿದುಬಳಿದ ಡಬ್ಬಿಗಳನ್ನೆಲ್ಲ ಬಗ್ಗಿಸಿ, ಹೆಂಡತಿಯ ಬಹುದಿನದ ಆಸೆಯಂತೆ ಮನೆಯ ಮುಂಗೋಡೆಗೆ ತಿಳಿನೀಲಿ ಹಚ್ಚಿದ. ಅಮ್ಮ ಬೀದಿಯ ಆಚೆ ಬದಿಗೆ ಹೋಗಿ ನಿಂತು ನೋಡಿದಳಂತೆ, ಬಂದು ಮತ್ತೆ ಹೋಗಿ ನೋಡಿದಳಂತೆ. ಅದೇ ತಿಂಗಳು ಯಜಮಾನನ ಅಣ್ಣ ಆ ದಾರಿಯಲ್ಲಿ ಹಾದುಹೋದ, ಮನೆ ಅವನ ಕಣ್ಣಿಗೆ ಬಿತ್ತು. ತಿಂಗಳು ಮುಗಿಯುವುದರೊಳಗೆ ಇವರ ಪಾತ್ರೆ ಹಾಸಿಗೆಗಳು ಬೀದಿಗೆ ಬಿದ್ದವು. "ಇನ್ಮೇಲೆ ಒಳಗೆ ಅರಮನೆ ಮಾಡ್ಕೊಳ್ಳೋಣ, ಹೊರಗೆ ಹಾಳು ಬಿದ್ದಿರ್ಲಿ" ಎಂದ ಅಪ್ಪ. ಅಮ್ಮ ಸಾಯುವ ತನಕ ನೀಲಿ ಬಟ್ಟೆ ಉಡಲಿಲ್ಲ.

ಇದೆಲ್ಲ ನನಗೆ ತಿಳಿದದ್ದು ಅವಳು ನಮ್ಮ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಾ ಹೇಳಿದ್ದರಿಂದ. ನಾನಿರುವ ಮನೆಯೂ ಅವಳು ಹುಡುಕಿಕೊಟ್ಟದ್ದೇ. ಯಜಮಾನ ಕಬ್ಬಿಣದಂಗಡಿಯವನು. ಈ ಗಲ್ಲಿಯಲ್ಲಿ ಅವನವು ಇನ್ನೂ ಕೆಲವು ಮನೆಗಳಿವೆ, ಎಲ್ಲವೂ ಅವನ ಅಪ್ಪ ಕಟ್ಟಿಸಿದ್ದು. ಅವನು ಗಲ್ಲಿಯೊಳಗೆ ಕಾಲಿಟ್ಟವನೇ ಅಲ್ಲ. ಬೆಳಿಗ್ಗೆ ಸಂಜೆ ದೊಡ್ಡ ರಸ್ತೆಯಲ್ಲಿ ಕಾರು ಹಾದುಹೋಗುತ್ತದೆ, ಅಷ್ಟೆ.

ನಮ್ಮೆದುರಿನ ಮನೆಗೆ ಬೀಗ ಬಿದ್ದು ಎಷ್ಟೋ ಕಾಲವಾಗಿತ್ತು. ಅದನ್ನು ಕೇಳಲು ಸುಣ್ಣದಕ್ಕ ಅಂಗಡಿಗೆ ಹೋದಾಗ ಅವನು ಗಟ್ಟಿಯಾಗಿ ನಕ್ಕನಂತೆ. "ಆ ಗೂಡು ಬೇಕಾ ನಿಂಗೆ? ಇಲಿಗಳೇ ಬೇಡ ಅಂತ ಖಾಲಿ ಮಾಡ್ಕೊಂಡು ಹೋಗಿವೆ."

"ಖಾಲಿ ಮಾಡಿದ ಇಲಿಗಳ ಸಾಮಾನು ಏನಾದ್ರೂ ಉಳಿದಿದ್ರೆ ನಿಮ್ಮ ಅಂಗಡಿಗೇ ಕಳಿಸ್ತೀನಿ. ಈಗ ಕೀಲಿ ಕೊಡಿ."

ಕೀಲಿ ಕೊಟ್ಟ. ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೊರಟಿದ್ದನಂತೆ, ಬಂದ ಮೇಲೆ ರುಜು ಹಾಕುತ್ತೇನೆ ಎಂದನಂತೆ.

ಆ ಮನೆ ಇಸ್ತ್ರಿಯವಳಿಗೆಂದು ಗೊತ್ತಾಯಿತು. ಇಸ್ತ್ರಿಯವಳೆಂದರೆ ಸಂಸ್ಥೆಯ ಕೆಳಗಿನ ಲಾಂಡ್ರಿಯಲ್ಲಿ ಬಟ್ಟೆ ತೀಡುವವಳು. ಗಂಡ ರಾತ್ರಿ ಪಾಳಿಯ ವಾಚ್‌ಮನ್. ಅವರಿದ್ದ ಹಳೇ ಕಟ್ಟಡವನ್ನು ಕೆಡವುತ್ತೇವೆಂದು ಆಗಲೇ ನೀರು ನಿಲ್ಲಿಸಿದ್ದರು. ಮಕ್ಕಳಿಲ್ಲ. ಜೊತೆಗಿದ್ದವಳು ಗಂಡನ ತಾಯಿ. ಸೊಸೆಯ ಬಾಯಿಂದ ಕೇಳಿ ಕೇಳಿ ಗಲ್ಲಿಯವರೆಲ್ಲ ಆಕೆಯನ್ನು ಅತ್ತೆಮ್ಮ ಎಂದೇ ಕರೆದೆವು. ಅತ್ತೆಮ್ಮ ಬದುಕಿಡೀ ಅಂಗಿಗಳಿಗೆ ಗುಂಡಿ ಹೊಲಿದು ಕಣ್ಣು ಕಳೆದುಕೊಂಡವಳು. ಪೂರ್ತಿ ಕುರುಡಿಯಲ್ಲ. ಜನ, ಗೋಡೆ, ಮರ ಎಲ್ಲ ಹೊಗೆಯ ಹಿಂದೆ ಇದ್ದಂತೆ. ಉರಿಯುವ ದೀಪ, ಬಿಸಿಲು ಬಿದ್ದ ಗಾಜು, ಕಣ್ಣು ಕೋರೈಸುವಂಥದ್ದು ಮಾತ್ರ ಕಾಣುತ್ತಿತ್ತು. ನಾಲಿಗೆಗೆ ಯಾವ ಮಬ್ಬೂ ಇರಲಿಲ್ಲ.

"ಕಣ್ಣು ಹೋದ್ಮೇಲೆ ನನ್ನ ಸೊಸೆ ಬಲು ಲಕ್ಷಣವಾಗಿ ಕಾಣ್ತಾಳೆ" ಎನ್ನುವಳು.

"ಕಿವಿನೂ ಹೋದ್ರೆ ನಾನು ದೇವತೆನೇ ಆಗ್ತೀನಿ ಅತ್ತೆ" ಎನ್ನುವಳು ಸೊಸೆ.

"ನೋಡಿದ್ರಾ, ನನ್ನ ಮಗ ಇಡೀ ರಾತ್ರಿ ಬೇರೆಯವರ ಮನೆ ಕಾಯೋದು ಯಾಕೆ ಅಂತ ಗೊತ್ತಾಯ್ತಾ?"

ಇಬ್ಬರೂ ಹೀಗೆ ಕಚ್ಚಾಡಿಕೊಂಡು ಒಂದೇ ಬಟ್ಟಲಲ್ಲಿ ಚಹಾ ಕುಡಿಯುತ್ತಿದ್ದರು.

ಮನೆಯ ಕೆಲಸಕ್ಕೆ ಎಲ್ಲರೂ ಕೈ ಹಾಕಬೇಕೆಂಬುದು ಸಂಸ್ಥೆಯ ಪದ್ಧತಿ. ವಾಚ್‌ಮನ್ ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದು ಗಾರೆ ಕಲಸುತ್ತಿದ್ದ. ಇಸ್ತ್ರಿಯವಳು ಸಂಜೆ ಬಂದು ಗೋಡೆಗೆ ಸುಣ್ಣ ಬಳಿಯುತ್ತಿದ್ದಳು, ಇಸ್ತ್ರಿ ಪೆಟ್ಟಿಗೆ ಓಡಿಸಿದ ಕೈ ನೋಡಿ, ಒಂದು ಗೆರೆಯೂ ಸೊಟ್ಟಗಾಗುತ್ತಿರಲಿಲ್ಲ. ಅತ್ತೆಮ್ಮ ಸುಮ್ಮನೆ ಕೂರುವ ಜಾತಿಯಲ್ಲ. "ಕಣ್ಣು ಬೇಡದ ಕೆಲಸ ಏನಾದ್ರೂ ಕೊಡಿ" ಎಂದು ಜಗಳ ತೆಗೆದಳು. ಸುಣ್ಣದಕ್ಕ ಮುಂಬಾಗಿಲನ್ನೇ ಕೀಲುಗಳಿಂದ ಬಿಚ್ಚಿಸಿ ನಮ್ಮ ಮೆಟ್ಟಿಲ ಮುಂದೆ ಎರಡು ಸ್ಟೂಲಿನ ಮೇಲೆ ಮಲಗಿಸಿ, ಅತ್ತೆಮ್ಮನ ಕೈಗೆ ಮರಳುಕಾಗದ ಕೊಟ್ಟಳು. ಬಾಗಿಲಿನ ಹಳೆಯ ಬಣ್ಣದ ಸಿಪ್ಪೆಯನ್ನು ಉಜ್ಜಿ ತೆಗೆದರೆ ಮರ ಉಸಿರಾಡುತ್ತದೆ, ಬಣ್ಣ ಮಾತ್ರ ರುಜು ಬಿದ್ದ ಮೇಲೆ ಎಂದಳು. ಅತ್ತೆಮ್ಮ ದಿನವೂ ಬಂದು ಉಜ್ಜಿದಳು. ಅವಳ ಎದುರಿಗೆ ಕೂತು ನಾನು ಮಾತು ಕೇಳುತ್ತಿದ್ದೆ. ಗಂಡ ಬಿಟ್ಟುಹೋದದ್ದು, ಮಗನನ್ನು ಬಟ್ಟೆಯ ಮೂಟೆಯ ಮೇಲೆ ಮಲಗಿಸಿ ಗುಂಡಿ ಹೊಲಿದದ್ದು, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಮೂಟೆ ಹೊತ್ತದ್ದು.

"ಇಲ್ಲೊಂದು ಗಂಟಿದೆ, ಮರದ್ದು" ಎಂದು ಒಂದು ದಿನ ನನ್ನ ಬೆರಳನ್ನು ಹಿಡಿದು ಬಾಗಿಲಿನ ಮೇಲಿಟ್ಟಳು. "ಗುಂಡಿಯ ಹಾಗಿದೆ ನೋಡಿ. ಇದು ನನ್ನ ಬಾಗಿಲು ಅನ್ನೋದಕ್ಕೆ ಗುರುತು."

ಬಾಗಿಲನ್ನು ಮತ್ತೆ ಕೂರಿಸಿದ ಮೇಲೆ ತೊಡಕು ಶುರುವಾಯಿತು. ನಮ್ಮ ಗಲ್ಲಿಯ ಬಾಗಿಲುಗಳೆಲ್ಲ ಬಿಸಿಲಿಗೆ ಸುಟ್ಟು ಒಂದೇ ಬಣ್ಣಕ್ಕೆ ತಿರುಗಿವೆ. ಹೊಸಬರು ಕಣ್ಣಿದ್ದೂ ಎಡವುತ್ತಾರೆ. ಹಗಲೆಲ್ಲ ಅತ್ತೆಮ್ಮ ಒಬ್ಬಳೇ ಇರಬೇಕಾದವಳು. ಮಗ ಮಲಗಿರುತ್ತಾನೆ, ಸೊಸೆ ಕೆಲಸದಲ್ಲಿರುತ್ತಾಳೆ. ಗಲ್ಲಿಯ ಕೊನೆಯ ನಲ್ಲಿಯ ತನಕ ಹೋಗಿ ಬರುವುದನ್ನು ಅಭ್ಯಾಸ ಮಾಡಿಸಿದರು. ಒಂದು ಸಲ ಬೇರೆಯವರ ಮನೆಯೊಳಗೇ ಹೋಗಿ ಮಂಚದ ಮೇಲೆ ಕೂತಳು. ಆ ಮನೆಯ ಹೆಂಗಸು ಕಳ್ಳಿ ಕಳ್ಳಿ ಎಂದು ಕೂಗಿಕೊಂಡಳು. ಇನ್ನೊಂದು ಸಲ ಗೋಡೆ ಸವರುತ್ತಾ ಹೋದವಳು ದೊಡ್ಡ ರಸ್ತೆಗೇ ಇಳಿದುಬಿಟ್ಟಳು. ಲಾರಿಯೊಂದು ಕಿರುಚಿ ನಿಂತಿತು. ಚಾಲಕ ಬೈದ ಬೈಗುಳ ನಮ್ಮ ಮನೆಯೊಳಕ್ಕೂ ಕೇಳಿಸಿತು.

ಅವತ್ತು ಸಂಜೆ ಇಸ್ತ್ರಿಯವಳು ಸುಣ್ಣದಕ್ಕನನ್ನು ನಮ್ಮ ಮೆಟ್ಟಿಲ ಮೇಲೆ ಕೂರಿಸಿಕೊಂಡು ಅತ್ತಳು. "ಅಕ್ಕಾ, ಅತ್ತೆ ಇಲ್ಲಿರೋದು ಬೇಡ ಅಂತಾರೆ ಇವ್ರು. ಹಗಲೊತ್ತು ಇವಳನ್ನ ಯಾರು ಕಾಯ್ತಾರೆ, ವೃದ್ಧಾಶ್ರಮಕ್ಕೆ ಬಿಟ್ಬಿಡೋಣ ಅಂತಿದ್ದಾರೆ. ಹೆತ್ತ ಮಗ ಅನ್ನೋ ಮಾತಾ ಇದು? ನಾನು ಸೊಸೆ, ನಾನೇನು ಹೇಳ್ಲಿ?"

"ನೀನು ಕೆಲ್ಸ ಬಿಟ್ಟು..."

"ಬಿಟ್ರೆ ನಿಮ್ಮ ಕಮ್ಮಿ ಬಾಡಿಗೆನೂ ಕೊಡಕ್ಕಾಗಲ್ಲ. ಗೊತ್ತಿದ್ದೂ ಯಾಕೆ ಕೇಳ್ತೀರ?"

ಸುಣ್ಣದಕ್ಕ ಉಗುರು ಕೆರೆದುಕೊಳ್ಳುತ್ತಾ ಕೂತಳು. ಮನೆ ಹುಡುಕಿಕೊಟ್ಟದ್ದೇ ಆ ಮುದುಕಿಯನ್ನು ಹೊರಗೆ ಹಾಕುವುದಕ್ಕೆ ನೆಪವಾಗುತ್ತಿದೆಯಲ್ಲ ಎಂಬುದು ಅವಳನ್ನು ತಿನ್ನುತ್ತಿತ್ತು. ಅತ್ತೆಮ್ಮ ನಮ್ಮ ಮನೆಯೊಳಗೆ ನನ್ನ ಕುರ್ಚಿಯ ಮೇಲಿದ್ದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಲ್ಲಿಂದಲೇ ಕೂಗಿ ಹೇಳಿದಳು: "ಲಾರಿಯವನದ್ದು ಹಳದಿ ದೀಪ ಇತ್ತು ಕಣೇ. ಅದು ಕಾಣಿಸ್ತು, ಅದಕ್ಕೇ ನಿಂತ್ಕೊಂಡೆ. ಹಳದಿ ಕಾಣ್ತದೆ ನಂಗೆ."

ಮಾರನೇ ದಿನ ಸುಣ್ಣದಕ್ಕ ಹಳದಿ ಬಣ್ಣದ ಡಬ್ಬಿ ಹಿಡಿದು ಬಂದಳು. ನಾನು ನೋಡಿದೆ, ನೋಡಿ, "ರುಜು?" ಎಂದೆ.

"ಆಯಪ್ಪ ಇನ್ನೂ ಊರಿಂದ ಬಂದಿಲ್ಲ. ಬಂದ್ಮೇಲೆ ಅಂಗಡಿಯಲ್ಲೇ ರುಜು ಹಾಕ್ತಾನೆ. ಈ ಗಲ್ಲಿ ಒಳಗೆ ಅವನು ಯಾವತ್ತು ಬಂದಿದ್ದಾನೆ ಹೇಳಿ? ಗೋಡೆ ಮುಟ್ಟಲ್ಲ, ಪಾಚಿ ಮುಟ್ಟಲ್ಲ. ಬಾಗಿಲೊಂದೇ."

"ಟೀಚರಮ್ಮ ಏನಂದ್ರು?"

"ಅವ್ರಿಗೆ ಹೇಳಿಲ್ಲ. ಹೇಳಿದ್ರೆ ನನ್ನ ಮಾತನ್ನೇ ನಂಗೆ ವಾಪಸ್ ಹೇಳ್ತಾರೆ."

ಬ್ರಶ್ಶನ್ನು ಡಬ್ಬಿಯೊಳಗೆ ಅದ್ದಿ ಅವಳು ಬಹಳ ಹೊತ್ತು ಹಾಗೇ ಹಿಡಿದು ನಿಂತಿದ್ದಳು. ಬಣ್ಣ ತೊಟ್ಟಿಕ್ಕಿ ಅವಳ ಚಪ್ಪಲಿಯ ಮೇಲೆ ಬಿತ್ತು. ಆಮೇಲೆ ಹಚ್ಚಿದಳು. ಅದು ಎಂಥ ಹಳದಿ! ನಮ್ಮ ಗಲ್ಲಿಗೆ ಅಂಥದ್ದೊಂದು ಬಣ್ಣವಿರಬಹುದೆಂದು ನಾವ್ಯಾರೂ ಎಣಿಸಿರಲಿಲ್ಲ. ಬೂದಿಬಣ್ಣದ ಎಲ್ಲ ಮನೆಗಳ ನಡುವೆ ಒಂದು ಮನೆ ಬಾಯಿ ತೆರೆದು ನಕ್ಕಂತಿತ್ತು.

ಬಣ್ಣ ಒಣಗಿದ ದಿನ ಅತ್ತೆಮ್ಮನನ್ನು ಗಲ್ಲಿಯ ಬಾಯಲ್ಲಿ, ದೊಡ್ಡ ರಸ್ತೆಯ ಅಂಚಿನಲ್ಲಿ ನಿಲ್ಲಿಸಿದರು. ಸೊಸೆ ಕೈ ಬಿಟ್ಟಳು. ನಾವೆಲ್ಲ ನಮ್ಮ ನಮ್ಮ ಬಾಗಿಲಲ್ಲಿ ನಿಂತೆವು. ಅತ್ತೆಮ್ಮ ಮುಖವನ್ನು ಅತ್ತ ಇತ್ತ ಆಡಿಸಿದಳು. ತಟ್ಟನೆ ನಿಂತಳು. "ಅಗೋ" ಎಂದಳು. ಗೋಡೆ ಸವರದೆ, ಯಾರ ಕೈಯನ್ನೂ ಹಿಡಿಯದೆ, ಅಂಗಡಿಗೆ ಹೋಗಿ ಮನೆಗೆ ಮರಳುವ ಯಾವುದೇ ಹೆಂಗಸಿನ ಹಾಗೆ ನೆಟ್ಟಗೆ ನಡೆದು ಬಂದು ಬಾಗಿಲನ್ನು ಮುಟ್ಟಿದಳು. ಬೆರಳು ಆ ಮರದ ಗಂಟನ್ನು ಹುಡುಕಿತು, ಸಿಕ್ಕಿತು.

"ಇದೇ. ಇದೇ ನನ್ನ ಮನೆ" ಎಂದಳು. ಮತ್ತೆ ಸೊಸೆಯ ಕಡೆಗೆ ತಿರುಗಿ, "ಇನ್ನು ನನ್ನ ಎಲ್ಲಿಗೂ ಬಿಡಕ್ಕಾಗಲ್ಲ ನಿಂಗೆ. ಎಲ್ಲಿ ಬಿಟ್ರೂ ವಾಪಸ್ ಬರ್ತೀನಿ" ಎಂದಳು. ಎಲ್ಲರೂ ನಕ್ಕರು. ವಾಚ್‌ಮನ್ ನಗಲಿಲ್ಲ. ಅವನು ಒಳಗೆ ಹೋಗಿ, ಕೆಲಸವೇನೂ ಉಳಿದಿರದ ಮೂಲೆಯಲ್ಲಿ ಗಾರೆಯನ್ನು ಕೆದಕುತ್ತಾ ನಿಂತದ್ದು ಕಿಟಕಿಯಿಂದ ಕಾಣಿಸಿತು.

ದೊಡ್ಡ ರಸ್ತೆಯ ಅಂಚಿನಿಂದ ಅತ್ತೆಮ್ಮನಿಗೆ ಕಂಡದ್ದು ಬೇರೆಯವರಿಗೂ ಕಂಡೀತು ಎಂಬುದನ್ನು ನಾವ್ಯಾರೂ ಆ ಕ್ಷಣ ಯೋಚಿಸಲಿಲ್ಲ.

ಕಬ್ಬಿಣದಂಗಡಿಯವನು ಊರಿಂದ ಮರಳಿದ ಬೆಳಿಗ್ಗೆ ಅವನ ಕಾರು ಗಲ್ಲಿಯ ಬಾಯಿಯನ್ನು ದಾಟಿ ಮುಂದೆ ಹೋಯಿತು. ನಿಂತಿತು. ಹಿಂದಕ್ಕೆ ಬಂತು. ಅವನು ಇಳಿದು ನಡೆದು ಬಂದ. ಮೊದಲನೇ ಸಲ ನಾನು ಅವನ ಮುಖವನ್ನು ಹತ್ತಿರದಿಂದ ನೋಡಿದೆ. ಕೆಟ್ಟ ಮುಖವಲ್ಲ. ಮೊಮ್ಮಗನನ್ನು ಎತ್ತಾಡಿಸಿ ಬಂದ ಖುಷಿ ಇನ್ನೂ ಕೆನ್ನೆಯ ಮೇಲಿತ್ತು. ಮನೆಯ ಮುಂದೆ ಸುಣ್ಣದಕ್ಕ ನಿಂತಿದ್ದಳು, ಒಳಗೆ ಇಸ್ತ್ರಿಯವಳು ಕಿಟಕಿಯ ಗಾಜು ಒರೆಸುತ್ತಿದ್ದಳು.

"ಇದು ನನ್ನ ಮನೆನೇನಮ್ಮ?" ಎಂದು ಕೇಳಿದ. ಕೇಳಿ, ಚಪ್ಪಲಿ ಬಿಟ್ಟು ಒಳಗೆ ಹೋದ.

ಅವನು ಚಪ್ಪಲಿ ಬಿಟ್ಟಾಗಲೇ ಮನೆ ಕೈಬಿಟ್ಟಿತೆಂದು ತನಗೆ ಗೊತ್ತಾಯಿತು ಎಂದು ಸುಣ್ಣದಕ್ಕ ಆಮೇಲೆ ನನಗೆ ಹೇಳಿದಳು. ಹಾಳು ಮನೆಗೆ ಯಾರೂ ಚಪ್ಪಲಿ ಬಿಡುವುದಿಲ್ಲ.

ಒಳಗಿನಿಂದ ಅವನ ಮಾತು ತೆರೆದ ಬಾಗಿಲಲ್ಲಿ ಕೇಳುತ್ತಿತ್ತು. "ಅಬ್ಬಬ್ಬಾ, ನೆಲ ನೋಡು... ನಮ್ಮಪ್ಪ ಕಟ್ಟಿದಾಗ್ಲೂ ಹಿಂಗಿರ್ಲಿಲ್ಲ... ಯಾರಮ್ಮ ಸುಣ್ಣ ಬಳಿದಿದ್ದು? ನೀನಾ? ಕೈ ಚೆನ್ನಾಗಿದೆ." ಹೊರಗೆ ಬಂದವನು ಬಾಗಿಲಿನ ಮೇಲೆ ಅಂಗೈ ಇಟ್ಟು, "ಸುಣ್ಣಮ್ಮ, ಒಂದು ಮಾತು. ನನ್ನ ತಮ್ಮನ ಮಗಳು, ಹೊಸದಾಗಿ ಮದುವೆ ಆಗಿರೋಳು, ಮನೆಗೆ ಅಂತ ಅಲೀತಿದ್ದಾಳೆ. ಇಷ್ಟು ಚೆನ್ನಾಗಿರೋ ಮನೆ ನಂದೇ ಇಟ್ಕೊಂಡು ಅವಳಿಗೆ ಇಲ್ಲ ಅಂದ್ರೆ ನನ್ನ ತಮ್ಮ ಏನಂತಾನೆ?" ಎಂದ.

"ಇವ್ರಿಗೆ ಮಾತು ಕೊಟ್ಟಿದೀವಲ್ಲ ಸ್ವಾಮಿ. ಇವ್ರೇ ಬೆವರು ಸುರಿಸಿ ಮಾಡಿದ್ದು."

"ಸಾಮಾನಿನ ಖರ್ಚು, ಕೂಲಿ, ಎಲ್ಲಾ ಕೊಟ್ಬಿಡ್ತೀನಿ. ನಾನೇನು ರಾಕ್ಷಸನಾ? ನಾನು ಕೊಟ್ಟಿದ್ದು ಆ ಹಾಳು ಗೂಡನ್ನ. ಇದನ್ನ ಅಲ್ಲ."

"ಅದೇ ಇದು!"

"ನೋಡಿದ್ರೆ ಹಂಗನ್ಸಲ್ವಲ್ಲಮ್ಮ" ಎಂದು ಅವನು ನಿಜವಾಗಿಯೂ ಮೆಚ್ಚಿಕೊಂಡು ನಕ್ಕ. "ಆ ಬಾಗಿಲು ರಸ್ತೆಯಿಂದ್ಲೇ ನನ್ನ ಕರೀತು."

ಸುಣ್ಣದಕ್ಕ ಅವನ ಕಾಲು ಹಿಡಿಯುವುದೊಂದನ್ನು ಬಿಟ್ಟು ಎಲ್ಲ ಮಾಡಿದಳು. ಕಣ್ಣಿಲ್ಲದ ಮುದುಕಿ ಎಂದಳು, ಲಾರಿಯ ಕಥೆ ಹೇಳಿದಳು. ಅವನು ಲೊಚಗುಟ್ಟಿದ, ಅಯ್ಯೋ ಪಾಪ ಎಂದ, ಬೇರೆ ಮನೆಗಳೂ ಇವೆಯಲ್ಲ, ಅವನ್ನು ಬೇಕಾದರೆ ಹೀಗೇ ಸರಿಮಾಡಿಕೊಳ್ಳಿ ಎಂದ. ಕೀಲಿಗೆ ಕೈ ಚಾಚಿದ. ಇಸ್ತ್ರಿಯವಳು ಒಳಗೆ ಅದೇ ಗಾಜನ್ನು ಒರೆಸುತ್ತಲೇ ಇದ್ದಳು. ಎಲ್ಲ ಮುಗಿದ ಮೇಲೂ ಒರೆಸುತ್ತಿದ್ದಳು. ಸುಣ್ಣದಕ್ಕನೇ ಹೋಗಿ ಅವಳ ಕೈಯಿಂದ ಬಟ್ಟೆಯನ್ನು ಬಿಡಿಸಿಕೊಂಡಳು.

ಟೀಚರಮ್ಮ ಅಂಗಡಿಗೆ ಹೋದರು, ವಕೀಲರನ್ನು ಕೇಳಿದರು. ರುಜು ಇಲ್ಲದ ಮಾತಿಗೆ ಮಾತಷ್ಟೇ ಬೆಲೆ ಎಂದರಂತೆ ವಕೀಲರು. ಟೀಚರಮ್ಮ ಸುಣ್ಣದಕ್ಕನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದಳು ಸುಣ್ಣದಕ್ಕ.

ಹಳೇ ಕಟ್ಟಡವನ್ನು ಕೆಡವಲು ಬಂದೇಬಿಟ್ಟರು. ಬೇರೆ ಹಾಳು ಮನೆಯನ್ನು ಹುಡುಕಿ, ಯಜಮಾನನನ್ನು ಒಪ್ಪಿಸಿ, ಸರಿಮಾಡುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಸಂಸಾರ ಮೂರು ದಿಕ್ಕಾಯಿತು. ಇಸ್ತ್ರಿಯವಳಿಗೆ ಲಾಂಡ್ರಿಯವನು ಬಟ್ಟೆಯ ಗಂಟುಗಳಿಡುವ ಹಿಂದಿನ ಕೋಣೆಯಲ್ಲಿ ಮಲಗಲು ಜಾಗ ಕೊಟ್ಟ. ವಾಚ್‌ಮನ್ ತಾನು ಕಾಯುವ ಕಟ್ಟಡದ ಗೇಟಿನ ಪಕ್ಕದ ಗೂಡಿನಲ್ಲೇ ಹಗಲೂ ಮಲಗಿದ. ಅತ್ತೆಮ್ಮನನ್ನು ದೊಡ್ಡ ರಸ್ತೆಯ ಇದೇ ಬದಿಗೆ, ಸ್ವಲ್ಪ ಆಚೆಗಿರುವ ವೃದ್ಧಾಶ್ರಮಕ್ಕೆ ಸೇರಿಸಿದರು. ಅಲ್ಲಿಗೆ ಕರೆದುಕೊಂಡು ಹೋದವಳು ಸೊಸೆ, ಜೊತೆಗೆ ಸುಣ್ಣದಕ್ಕ. ಮನೆ ಕೈತಪ್ಪಿತೆಂದು ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ.

"ಇನ್ನೂ ಸ್ವಲ್ಪ ಕೆಲಸ ಇದೆ ಅತ್ತೆ. ಮುಗಿಯೋ ತನಕ ಇಲ್ಲಿರಿ" ಎಂದಳು ಸೊಸೆ.

"ಮುಗಿಯೋ ತನಕ ತಾನೆ?" ಎಂದಳು ಅತ್ತೆಮ್ಮ. "ಹಂಗಾದ್ರೆ ಹಾಸಿಗೆ ಮೆತ್ತಗಿಲ್ಲದಿದ್ರೂ ಪರವಾಗಿಲ್ಲ."

ಎರಡನೇ ದಿನಕ್ಕೆ ಅವಳು ಆಶ್ರಮದ ಗೇಟು ದಾಟಿ, ರಸ್ತೆಯ ಅಂಚನ್ನು ಕಾಲಿಂದ ತಡವುತ್ತಾ ಬಂದು, ನಮ್ಮ ಗಲ್ಲಿಯ ಬಾಯಲ್ಲಿ ಮುಖ ಆಡಿಸಿ, ನೆಟ್ಟಗೆ ಹಳದಿ ಬಾಗಿಲಿಗೆ ನಡೆದಳು. ತಟ್ಟಿದಳು. ಹೊಸ ಹುಡುಗಿ, ಕಬ್ಬಿಣದಂಗಡಿಯವನ ತಮ್ಮನ ಮಗಳು, ಬಾಗಿಲು ತೆಗೆದಳು.

"ಮುಗೀತಾ?" ಎಂದು ಕೇಳಿದಳು ಅತ್ತೆಮ್ಮ. ಬಾಗಿಲು ತೆಗೆದವಳು ಕೆಲಸದ ಹೆಂಗಸು ಇರಬೇಕೆಂದುಕೊಂಡಿದ್ದಳು.

ಹುಡುಗಿ ಏನೂ ತಿಳಿಯದೆ ನನ್ನ ಕಡೆ ನೋಡಿದಳು. ನಾನು ಗಲ್ಲಿ ದಾಟಿ ಹೋಗಿ ಅತ್ತೆಮ್ಮನನ್ನು ಕೈಹಿಡಿದು ಕರೆತಂದೆ. ಚಹಾ ಕೊಟ್ಟೆ. "ಇನ್ನೂ ಇಲ್ವಂತೆ" ಎಂದಳು ಅವಳೇ ನನಗೆ. ಸುಣ್ಣದಕ್ಕ ಬಂದು ಮತ್ತೆ ಆಶ್ರಮಕ್ಕೆ ಬಿಟ್ಟುಬಂದಳು.

ಆಮೇಲೆ ಅದೇ ಆಯಿತು. ಬಿಸಿಲಿದ್ದ ದಿನಗಳಲ್ಲೆಲ್ಲ ಅವಳು ಬಂದಳು. ಹೊಸ ಹುಡುಗಿ ಮೊದಮೊದಲು ನೀರು ಕೊಟ್ಟಳು, ಕೂರಿಸಿದಳು. ಒಳ್ಳೆಯವಳೇ. ಆದರೆ ಯಾರಾದರೂ ದಿನವೂ ಬಂದು ನಿಮ್ಮ ಬಾಗಿಲು ತಟ್ಟಿ ಇದು ನನ್ನ ಮನೆ ಎಂದರೆ ಎಷ್ಟು ದಿನ ನಗುತ್ತೀರಿ? ಅವಳ ಗಂಡ, "ಇದೊಳ್ಳೆ ಕಾಟ" ಎಂದು ಹೆಂಡತಿಯ ದೊಡ್ಡಪ್ಪನಿಗೆ ದೂರು ಹೇಳಿದ. ಕಬ್ಬಿಣದಂಗಡಿಯವನು ಸುಣ್ಣದಕ್ಕನನ್ನು ಕರೆಸಿದ.

ಅವತ್ತು ಅವಳು ಬಂದು ನಮ್ಮ ಮೆಟ್ಟಿಲ ಮೇಲೆ ಕೂತಾಗ ಕೈಯಲ್ಲಿ ಡಬ್ಬಿಯಿತ್ತು. ಕಂದು ಬಣ್ಣ, ಗಲ್ಲಿಯ ಎಲ್ಲ ಬಾಗಿಲುಗಳ ಬಣ್ಣ.

"ನೀನೇ ಹಚ್ಚಿದ್ದಲ್ವಾ, ನೀನೇ ಅಳಿಸು ಅಂದ. ಆ ಮುದುಕಿ ದಾರಿ ತಪ್ಪಿದ್ರೆ ಬರೋದು ನಿಲ್ಸ್ತಾಳೆ ಅಂತ" ಎಂದಳು.

"ಹಚ್ಚಲ್ಲ ಅನ್ಬೇಕಿತ್ತು."

ಅವಳು ನನ್ನ ಬಾಗಿಲ ಕಡೆಗೆ ನೋಡಿದಳು. "ನಿಮ್ಮ ಕರಾರು ಈ ವರ್ಷ ಮುಗಿಯುತ್ತೆ. ಪಕ್ಕದವರದ್ದೂ. ಎಲ್ಲಾ ಅವನ ಕೈಲಿದೆ. ಅವನು ಆ ಮಾತು ಆಡ್ಲಿಲ್ಲ, ಆಡೋ ಮನುಷ್ಯ ಅಲ್ಲ. ಗೋಡೆ ಮೇಲೆ ತೂಗು ಹಾಕಿರೋ ಕೀಲಿಗಳನ್ನ ಸುಮ್ನೆ ಕೈಯಾಡಿಸ್ತಾ ಮಾತಾಡ್ದ."

ನಾನು ಮೆಟ್ಟಿಲ ಮೇಲೆ ಸರಿದು ದಾರಿ ಬಿಟ್ಟೆ. ಅವಳು ಎದ್ದುಹೋಗಿ ಹಚ್ಚಲು ಶುರುಮಾಡಿದಳು. ಮಧ್ಯಾಹ್ನದ ಬಿಸಿಲು. ಹಳದಿ ಗಟ್ಟಿ ಬಣ್ಣ, ಒಂದು ಸಲಕ್ಕೆ ಮುಚ್ಚಲಿಲ್ಲ. ಕಂದಿನ ಕೆಳಗಿಂದ ಇಣುಕಿತು. ಅವಳು ಅದರ ಮೇಲೆ ಮತ್ತೆ ಹಚ್ಚಿದಳು. ಕೊನೆಯ ಮೂಲೆ ಮುಗಿಯುವ ಹೊತ್ತಿಗೆ ಗಲ್ಲಿಯ ಬಾಯಲ್ಲಿ ಅತ್ತೆಮ್ಮ ಬಂದು ನಿಂತದ್ದು ನನಗೆ ಕಾಣಿಸಿತು.

ಮುಖ ಆಡಿಸಿದಳು. ಒಂದಷ್ಟು ಹೆಜ್ಜೆ ಬಂದು ಮತ್ತೆ ಆಡಿಸಿದಳು. ಎರಡು ಮನೆ ದಾಟಿದಳು, ಹಿಂದಕ್ಕೆ ಹೋದಳು. ನೀರಿನಲ್ಲಿ ಏನನ್ನೋ ಹುಡುಕುವವಳ ಹಾಗೆ ಎರಡೂ ಕೈಗಳನ್ನು ಮುಂದೆ ಚಾಚಿ ಗೋಡೆ ಹಿಡಿದಳು. ಗೋಡೆ, ಕಿಟಕಿ, ಗೋಡೆ, ಬಾಗಿಲು. ಬಾಗಿಲು ಸಿಕ್ಕಾಗಲೆಲ್ಲ ಬೆರಳು ಅದರ ಮೇಲೆ ಗಂಟನ್ನು ಹುಡುಕುತ್ತಿತ್ತು. ಹಾಗೇ ಒಂದೊಂದೇ ಬಾಗಿಲು ಸವರುತ್ತಾ ಆ ಬದಿಯಲ್ಲೇ ಮುಂದೆ ಬಂದಳು. ಸುಣ್ಣದಕ್ಕ ಬ್ರಶ್ಶು ಹಿಡಿದೇ ನಿಂತಿದ್ದಳು. ಅತ್ತೆಮ್ಮನ ಕೈ ಇನ್ನೇನು ಆ ಬಾಗಿಲ ಮೇಲೆ ಬೀಳಬೇಕು, ಸುಣ್ಣದಕ್ಕ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು.

ಅತ್ತೆಮ್ಮ ಬೆಚ್ಚಲಿಲ್ಲ. ತನ್ನನ್ನು ಹಿಡಿದ ಕೈಯ ಬೆರಳನ್ನು ಇನ್ನೊಂದು ಕೈಯಿಂದ ತಡವಿ, ಸುಣ್ಣ ತಿಂದು ಬಿರುಕುಬಿಟ್ಟ ಉಗುರು ಮುಟ್ಟಿ, "ಸುಣ್ಣದಕ್ಕನಾ?" ಎಂದಳು.

"ಹೂಂ ಅತ್ತೆಮ್ಮ."

"ಸದ್ಯ! ದಾರಿ ತಪ್ಪಿಬಿಟ್ಟೆ ಅನ್ಕೊಂಡೆ. ಬಣ್ಣದ ವಾಸನೆ ಬರ್ತಿದೆ. ಇನ್ನೂ ಕೆಲಸ ನಡೀತಿದೆಯಾ?"

"ನಡೀತಿದೆ. ಹಸಿ ಇದೆ, ಮುಟ್ಬೇಡಿ."

"ನಮ್ಮ ಬಾಗಿಲಿಗೇನಾ?"

"ಹೂಂ."

"ಯಾವ ಬಣ್ಣ ಹಚ್ತಿದೀಯ?"

ಸುಣ್ಣದಕ್ಕ ನನ್ನ ಕಡೆ ನೋಡಿದಳು. "ಹಳದಿ" ಎಂದಳು.

ಅತ್ತೆಮ್ಮ ಬಗ್ಗಿದಳು. ಮುಖವನ್ನು ಬಾಗಿಲಿಗೆ ಬಹಳ ಹತ್ತಿರ ತಂದಳು, ಮೂಗಿಗೆ ಬಣ್ಣ ತಾಗುವಷ್ಟು. ಬಿಸಿಲು ನೇರವಾಗಿ ಅದರ ಮೇಲೆ ಬಿದ್ದಿತ್ತು. ಎಡಗಣ್ಣು ಮುಚ್ಚಿ ನೋಡಿದಳು. ಬಲಗಣ್ಣು ಮುಚ್ಚಿ ನೋಡಿದಳು.

"ಹಂಗಾದ್ರೆ ಇವೂ ಪೂರ್ತಿ ಹೋದ್ವು" ಎಂದಳು.

ಸುಣ್ಣದಕ್ಕ ಏನೋ ಹೇಳಲು ಬಾಯಿ ತೆರೆದಳು. ಹಳದಿಯಲ್ಲ, ಕಂದು, ನಿಮ್ಮ ಕಣ್ಣು ಹೋಗಿಲ್ಲ ಎನ್ನಬೇಕಾದರೆ ಮನೆ ಹೋಯಿತು ಎನ್ನಬೇಕಿತ್ತು. ಅವಳು ಬ್ರಶ್ಶನ್ನು ಡಬ್ಬಿಯ ಮೇಲಿಟ್ಟಳು. ಅತ್ತೆಮ್ಮನ ತೋಳು ಹಿಡಿದು ಆಶ್ರಮಕ್ಕೆ ನಡೆಸಿಕೊಂಡು ಹೋದಳು. ಹೋಗುವಾಗ ಮುದುಕಿ, "ಪರವಾಗಿಲ್ಲ ಬಿಡು, ಸೊಸೆ ಕೈ ಹಿಡ್ಕೊಂಡು ಬರ್ತೀನಿ, ಮುಗಿದ್ಮೇಲೆ" ಎನ್ನುತ್ತಿದ್ದದ್ದು ಕೇಳಿಸಿತು.

ಇಸ್ತ್ರಿಯವಳಿಗೂ ಸುಣ್ಣದಕ್ಕ ಎಲ್ಲವನ್ನೂ ಹೇಳಿದಳು. ಇಬ್ಬರೂ ಲಾಂಡ್ರಿಯ ಹಿಂದೆ, ಒಗೆದ ಬಟ್ಟೆಗಳ ನಡುವೆ ನಿಂತು, ನಿಜವನ್ನು ಹೇಳಿಬಿಡೋಣವೇ ಎಂದು ಚರ್ಚೆ ಮಾಡಿದರಂತೆ. ಯಾವುದನ್ನು ಕೊಟ್ಟು ಯಾವುದನ್ನು ಉಳಿಸುವುದು? ಮಗನನ್ನು ಕೇಳಿದರೆ ಅವನು, "ನೀವೇ ನೋಡ್ಕೊಳ್ಳಿ" ಎಂದು ಗೇಟಿನ ಕಡೆ ತಿರುಗಿಕೊಂಡನಂತೆ. ಯಾರೂ ಹೇಳಲಿಲ್ಲ.

ಅತ್ತೆಮ್ಮ ಈಗ ಬರುವುದಿಲ್ಲ. ಆಶ್ರಮದ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಕಣ್ಣು ಮುಚ್ಚಿಯೇ ಕೂತಿರುತ್ತಾಳೆ. ದೀಪ ಹಚ್ಚಿದರೂ ತೆರೆಯುವುದಿಲ್ಲ, ಕಾಣದ್ದನ್ನು ತೆರೆದು ಏನು ಎನ್ನುತ್ತಾಳಂತೆ. ಸೊಸೆ ಹೋದರೆ ಕೇಳುವ ಮಾತು "ಮುಗೀತಾ?" ಒಂದೇ, ಅದನ್ನೂ ಈಚೆಗೆ ಕಡಿಮೆ ಮಾಡಿದ್ದಾಳೆ. ಆಶ್ರಮ ನೋಡಿಕೊಳ್ಳುವ ಹೆಂಗಸು ಸುಣ್ಣದಕ್ಕನಿಗೆ, "ನಿಮ್ಮ ಅಜ್ಜಿ ಈಗ ಗಲಾಟೆ ಇಲ್ಲ, ತುಂಬಾ ಹೊಂದ್ಕೊಂಡುಬಿಟ್ರು" ಎಂದು ಸಂತೋಷದಿಂದ ಹೇಳಿದಳಂತೆ.

ಸುಣ್ಣದಕ್ಕ ಕೆಲಸ ಬಿಟ್ಟಿಲ್ಲ. ಬಿಟ್ಟು ಎಲ್ಲಿಗೆ ಹೋಗುತ್ತಾಳೆ? ಆದರೆ ಈಗ ಅವಳು ಮಾಡಿಸುವ ಮನೆಗಳಲ್ಲಿ ಒಳಗೂ ಹೆಚ್ಚು ಕೈ ಆಡಿಸಲು ಬಿಡುವುದಿಲ್ಲ. ಸೋರದಿದ್ದರೆ ಸಾಕು, ಬೀಳದಿದ್ದರೆ ಸಾಕು. ಸುಣ್ಣ ಬಳಿಯೋಣವೇ ಎಂದು ಬರಲಿರುವವರು ಕೇಳಿದರೆ, "ಯಾಕೆ, ಯಾರು ನೋಡ್ಬೇಕು?" ಎನ್ನುತ್ತಾಳೆ. ಅವಳ ಉಗುರುಗಳ ಬುಡ ಈಗ ಸ್ವಚ್ಛವಾಗಿದೆ, ನಾದಿನಿ ಬಂದರೆ ಗುರುತಿಸಲಾರಳು. ಮೊನ್ನೆ ನಮ್ಮ ಮನೆಗೆ ಬಂದಿದ್ದಳು, ನನ್ನ ಕರಾರನ್ನು ಕಬ್ಬಿಣದಂಗಡಿಯವನು ಮುಂದುವರಿಸಿದ್ದಾನೆಂದು ಹೇಳಲು. ಎದುರು ಬಾಗಿಲಿಗೆ ಬೆನ್ನು ಹಾಕಿ ಕೂತಳು. ಚಹಾ ಕೊಟ್ಟೆ, ಕುಡಿಯಲಿಲ್ಲ. ತಲೆಯೆತ್ತಿ ನನ್ನ ಚಾವಣಿಯನ್ನು ನೋಡಿ, "ಸೋರ್ತಿದೆಯಾ?" ಎಂದು ಕೇಳಿದಳು.

ಇಲ್ಲ ಎಂದೆ. ಸೋರುತ್ತಿರಲಿಲ್ಲ.